ವೈರಿನ ಸಿಪ್ಪೆ ಕರಗದಿರಲಿ

ಕಬ್ಬು ಕಡಿಯುವ ಕಾಲ ಬಂತು ಅಂದರೆ ನಮ್ಮ ಕಡೆ ರಸ್ತೆ ತುಂಬ ಟ್ರ್ಯಾಕ್ಟರು. ಪಾಂಡವಪುರದ ಸಕ್ಕರೆ ಕಾರ್ಖಾನೆಗೆ ಕಬ್ಬು. ಕೆ.ಆರ್. ಪೇಟೆ ತಾಲೂಕಿನ ಮಾಕವಳ್ಳಿ ಕಾರ್ಖಾನೆಗೆ ಕಬ್ಬು. ಊರೂರಿನ ಆಲೆಮನೆಗೂ ಕಬ್ಬು. ನಾಗಮಂಗಲದ ಕಡೆಯಿಂದ ತೆಂಗಿನಕಾಯಿ ಹೊತ್ತ ಟೆಂಪೊ. ಶ್ರೀರಂಗಪಟ್ಟಣದ ಬಯಲಿನಿಂದ ಭತ್ತದ ಹುಲ್ಲು ಹೊತ್ತ ಗಾಡಿ. ಈಗ ಎಷ್ಟೋ ಮನೆಗಳಲ್ಲಿ ಇಂಥದ್ದೊಂದು ಗಾಡಿ ಇದೆ. ಕಾರು ಇರುವವರೂ ಇದ್ದಾರೆ. ಗಾಡಿ ಸಾಲದ ಕಾಗದಕ್ಕೆ ಎಷ್ಟೋ ಕಡೆ ಹೆಂಗಸರೂ ಸಹಿ ಹಾಕಿದ್ದಾರೆ. ಆದರೆ ಬಾನೆಟ್ ಎತ್ತಿದಾಗ ಮಾತ್ರ, "ನಿಮಗೇನು ತಿಳಿಯುತ್ತೆ, ಆ ಕಡೆ ಹೋಗಿ" ಅನ್ನುತ್ತಾರೆ. ಹೋಗಬೇಡಿ ಅಕ್ಕಾ. ನಿಂತು ನೋಡೋಣ.

ಬಾನೆಟ್ ಒಳಗೆ ಏನಿದೆ? ಇಂಜಿನ್ ಇದೆ. ಅದರ ಪಕ್ಕದಲ್ಲಿ ಸಣ್ಣ ಕುಡಿಕೆ ಗಾತ್ರದ ಒಂದು ಯಂತ್ರ ಇದೆ. ಬೆಲ್ಟ್ ಅದನ್ನು ತಿರುಗಿಸುತ್ತದೆ. ಅದರ ಹೆಸರು ಆಲ್ಟರ್ನೇಟರ್. ಹಳೇ ಮೆಕಾನಿಕ್‌ಗಳು ಡೈನಮೊ ಅಂತಲೇ ಕರೀತಾರೆ. ಇಂಜಿನ್ ಓಡುವಾಗ ಇದು ಕರೆಂಟು ಮಾಡುತ್ತದೆ. ಆ ಕರೆಂಟು ದೀಪಕ್ಕೆ, ಹಾರನ್ನಿಗೆ ಹೋಗುತ್ತದೆ. ಬ್ಯಾಟರಿಯನ್ನೂ ತುಂಬುತ್ತದೆ. ಆಲ್ಟರ್ನೇಟರಿನಿಂದ ಬ್ಯಾಟರಿ ಕಡೆಗೆ ಒಂದು ದಪ್ಪ ವೈರು ಹೋಗುತ್ತದೆ. ನಮ್ಮ ಮಾತೆಲ್ಲ ಈ ವೈರಿನದೇ.

ಕಾರಿನ ಬ್ಯಾಟರಿ 12 ವೋಲ್ಟ್. ಟ್ರ್ಯಾಕ್ಟರಿನದೂ ಅಷ್ಟೇ. ಮನೆಯ ಕರೆಂಟಿನ ಹಾಗೆ ಇದು ಶಾಕ್ ಹೊಡೆಯುವುದಿಲ್ಲ. ಹಾಗಂತ ಸದರ ಮಾಡುವಂತಿಲ್ಲ. ಬ್ಯಾಟರಿ ಒಂದೇ ಸಲಕ್ಕೆ ನೂರಾರು ಆಂಪಿಯರ್ ಕರೆಂಟು ಬಿಡಬಲ್ಲದು. ಈ ವೈರಿನ ತಾಮ್ರ ಇಂಜಿನ್ನಿನ ಕಬ್ಬಿಣಕ್ಕೆ ತಾಗಿದರೆ ಕಿಡಿ ಹಾರುತ್ತದೆ. ವೈರು ಕೆಂಪಗೆ ಕಾಯುತ್ತದೆ. ಹತ್ತಿರ ಎಣ್ಣೆ ಜಿಡ್ಡು ಇದ್ದರೆ, ಕಬ್ಬಿನ ಒಣ ತರಗು ಸಿಕ್ಕಿಕೊಂಡಿದ್ದರೆ ಬೆಂಕಿಗೆ ಇನ್ನೇನು ಬೇಕು? ಇನ್ನೊಂದು ಮಾತು. ಕೀ ತೆಗೆದರೂ ಸಾಮಾನ್ಯವಾಗಿ ಈ ವೈರಿನಲ್ಲಿ ಕರೆಂಟು ಇರುತ್ತದೆ. ರಾತ್ರಿ ಹುಲ್ಲಿನ ಮೆದೆ ಪಕ್ಕ ನಿಲ್ಲಿಸಿದ ಗಾಡಿಯಲ್ಲೂ ಇರುತ್ತದೆ.

ನಮ್ಮ ಜಿಲ್ಲೆಯ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. ಅಷ್ಟು ದೂರ ಹೋದದ್ದು ಬರೀ ತಂತಿಯಲ್ಲಿ. ಅದಕ್ಕೆ ಕಂಬದ ಎತ್ತರವೇ ಕಾವಲು, ಕಂಬದ ಮೇಲಿನ ಪಿಂಗಾಣಿಯೇ ಕಾವಲು. ಗಾಡಿಯೊಳಗೆ ಕಂಬ ಎಲ್ಲಿಂದ ತರೋಣ? ಅಲ್ಲಿ ವೈರಿನ ಮೇಲಿನ ಸಿಪ್ಪೆ ಒಂದೇ ಕಾವಲು.

ಈ ಸಿಪ್ಪೆ ಪ್ಲಾಸ್ಟಿಕ್ಕಿನದು. ಒಲೆ ಪಕ್ಕ ಇಟ್ಟ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ನೋಡಿದ್ದೀರಲ್ಲ? ಬೆಂಕಿ ತಾಗದಿದ್ದರೂ ಸೊಟ್ಟಗಾಗುತ್ತದೆ. ವೈರಿನದೂ ಅದೇ ಕತೆ. ಬಿಸಿ ಹೆಚ್ಚಾದರೆ ಸಿಪ್ಪೆ ಮೆತ್ತಗಾಗುತ್ತದೆ. ತಿಂಗಳುಗಟ್ಟಲೆ ಕಾದು ಕಾದು ಒಣಗುತ್ತದೆ. ಬಗ್ಗಿಸಿದರೆ ಹಪ್ಪಳದ ಹಾಗೆ ಬಿರಿಯುತ್ತದೆ. ಇಂಜಿನ್ ನಡುಗುವಾಗ ಚೂರು ಚೂರು ಉದುರಿ ತಾಮ್ರ ಇಣುಕುತ್ತದೆ.

ಇಷ್ಟು ಬಿಸಿ ಎಲ್ಲಿಂದ? ಇಂಜಿನ್ನಿನ ಹೊಗೆ ಹೊರಗೆ ಹೋಗುವ ಕಬ್ಬಿಣದ ಕೊಳವೆ ಇದೆಯಲ್ಲ, ಸೈಲೆನ್ಸರಿಗೆ ಸೇರುವ ಕೊಳವೆ, ಅದೇ ಅಲ್ಲಿಯ ಒಲೆ. ನೀರು ಕುದಿಯುವುದು 100 ಡಿಗ್ರಿಗೆ. ಭಾರ ಎಳೆಯುವಾಗ ಆ ಕೊಳವೆ ಅದರ ಮೂರು ನಾಲ್ಕು ಪಟ್ಟು ಕಾಯುತ್ತದೆ. ಮೇಲುಕೋಟೆಗೆ ಜನ ತುಂಬಿಕೊಂಡು ಬೆಟ್ಟ ಹತ್ತಿದ ಕಾರನ್ನು ನೆನೆಯಿರಿ. ಮೇಲೆ ಹೋಗಿ ಇಂಜಿನ್ ನಿಲ್ಲಿಸಿದಿರಿ. ಇನ್ನು ತಣ್ಣಗಾಯಿತು ಅಂತ ತಿಳಿಯುತ್ತೀರಿ. ಆದರೆ ಗಾಳಿ ನುಗ್ಗುವುದು ನಿಂತಿತು, ನೀರು ಓಡಾಡುವುದೂ ನಿಂತಿತು. ಕಬ್ಬಿಣದ ಕಾವು ಅಲ್ಲೇ ಉಳಿಯಿತು. ಬಾನೆಟ್ ಒಳಗಿನ ಬಿಸಿ ಸ್ವಲ್ಪ ಹೊತ್ತು ಇನ್ನೂ ಏರುತ್ತದೆ. ಆಲೆಮನೆಯಲ್ಲಿ ಪಾಕ ಬಂದ ಕೂಡಲೇ ಕೊಪ್ಪರಿಗೆಯನ್ನು ಒಲೆಯಿಂದ ಇಳಿಸುವುದು ಯಾಕೆ? ಉರಿ ನಿಂತರೂ ಕೆಂಡದ ಕಾವು ಪಾಕವನ್ನು ಸೀಯಿಸುತ್ತದೆ ಅಂತ ತಾನೆ? ಇದೂ ಹಂಗೆಯೇ. ಬೆಟ್ಟ ಹತ್ತಿದ ಮೇಲೆ ಒಂದೆರಡು ನಿಮಿಷ ಇಂಜಿನ್ ನಿಧಾನಕ್ಕೆ ಓಡಲಿ. ಆಮೇಲೆ ನಿಲ್ಲಿಸಲಿ.

ಹಾಗಾದರೆ ವೈರಿಗೆ ಏನು ರಕ್ಷಣೆ? ಎಲ್ಲಕ್ಕಿಂತ ದೊಡ್ಡ ರಕ್ಷಣೆ ದೂರ. ವೈರು ಬಿಸಿ ಕೊಳವೆಯಿಂದ ಒಂದು ಗೇಣಾದರೂ ಆಚೆ ಇರಲಿ. ಅಷ್ಟು ಜಾಗ ಇಲ್ಲದಿದ್ದರೆ ನಡುವೆ ತಗಡಿನ ಮರೆ ಬೇಕು. ಕಂಪನಿಯವರು ಎಷ್ಟೋ ಗಾಡಿಗೆ ಈ ತಗಡು ಕೊಟ್ಟೇ ಇರುತ್ತಾರೆ. ರಿಪೇರಿಗೆ ಬಿಚ್ಚಿದವರು ಮತ್ತೆ ಹಾಕುವುದಿಲ್ಲ. ತಗಡು ಗ್ಯಾರೇಜಿನ ಮೂಲೆ ಸೇರುತ್ತದೆ! ರಿಪೇರಿ ಮುಗಿದ ಮೇಲೆ "ಬಿಚ್ಚಿದ ತಗಡು ಎಲ್ಲಿ?" ಅಂತ ಕೇಳಿ. ಇದನ್ನು ಕೇಳಲು ಮೆಕಾನಿಕ್ ಆಗಬೇಕಿಲ್ಲ.

ಮೂರನೆಯದು ಸ್ಲೀವ್. ಅಂದರೆ ವೈರಿಗೆ ತೊಡಿಸುವ ಕೊಳವೆಯಂಥ ಅಂಗಿ. ಗಾಜಿನ ನಾರಿನಿಂದ ಹೆಣೆದದ್ದು ಬಿಸಿ ತಡೆಯುತ್ತದೆ. ಸುಕ್ಕು ಸುಕ್ಕಾದ ಕಪ್ಪು ಪ್ಲಾಸ್ಟಿಕ್ ಕೊಳವೆ ಉಜ್ಜುವುದನ್ನು ತಡೆಯುತ್ತದೆ, ಸೈಲೆನ್ಸರ್ ಬಿಸಿಯನ್ನು ತಡೆಯುವುದಿಲ್ಲ. ಬರೀ ಟೇಪು ಸುತ್ತಿದರೆ? ಬಿಸಿಗೆ ಅಂಟು ಕರಗಿ ಟೇಪು ಬಿಚ್ಚಿಕೊಳ್ಳುತ್ತದೆ. ಹಳೇ ಬಟ್ಟೆಯನ್ನಂತೂ ಸುತ್ತಲೇಬೇಡಿ. ಎಣ್ಣೆ ಹೀರಿದ ಬಟ್ಟೆ ದೀಪದ ಬತ್ತಿ ಆಗುತ್ತದೆ. ವೈರು ಜೋಲಾಡದ ಹಾಗೆ ರಬ್ಬರ್ ಇರುವ ಕಬ್ಬಿಣದ ಕ್ಲಿಪ್ಪಿನಿಂದ ಹಿಡಿಸಬೇಕು.

ನಮ್ಮ ಕಲಿಕೆ ಕೇಂದ್ರಕ್ಕೆ ಒಬ್ಬ ಅಕ್ಕ ಕರಿಕಾದ ವೈರಿನ ತುಂಡು ತಂದಿದ್ದರು. ಮನೆ ಕಟ್ಟುವಾಗ ಉಳಿದ ವೈರನ್ನೇ ಅವರ ಟೆಂಪೊಗೆ ಹಾಕಿದ್ದರಂತೆ. ದುಡ್ಡು ಉಳಿಯಿತು ಅಂದುಕೊಂಡಿದ್ದರು. ಮನೆಗೆ ಎಳೆಯುವ ಸಾಮಾನ್ಯ ಪಿವಿಸಿ ವೈರು 70 ಡಿಗ್ರಿ ಬಿಸಿಯವರೆಗೆ ತಾಳುತ್ತದೆ. ಬಾನೆಟ್ ಒಳಗೆ ಅದು ಸಾಲದು. ಗಾಡಿಗೆ ಅಂತಲೇ ಮಾಡಿದ, 105 ಡಿಗ್ರಿ ತಾಳುವ ವೈರು ಸಿಗುತ್ತದೆ. ಈ ಅಂಕಿ ವೈರಿನ ಸುರುಳಿಯ ಚೀಟಿಯಲ್ಲಿ ಇರುತ್ತದೆ. ಕೆಲವು ಸಲ ಸಿಪ್ಪೆಯ ಮೇಲೂ ಇರುತ್ತದೆ. ಅಂಗಡಿಯಲ್ಲಿ ಚೀಟಿ ಕೇಳಿ ನೀವೇ ಓದಿ. ದಪ್ಪವೂ ಹಳೇ ವೈರಿನಷ್ಟೇ ಇರಬೇಕು. ಸಣ್ಣ ವೈರಿನಲ್ಲಿ ಹೆಚ್ಚು ಕರೆಂಟು ಹರಿದರೆ ಅದು ಒಳಗಿನಿಂದಲೇ ಕಾಯುತ್ತದೆ. ಆಗ ಹೊರಗಿನ ಸ್ಲೀವ್ ಏನು ಮಾಡೀತು?

ಫ್ಯೂಸಿನ ಮೇಲೂ ಅಂಕಿ ಇರುತ್ತದೆ. ಕೆಂಪು ಫ್ಯೂಸು 10, ನೀಲಿ 15, ಹಳದಿ 20, ಹಸಿರು 30 ಆಂಪಿಯರ್. 15ರ ಜಾಗಕ್ಕೆ 15ನ್ನೇ ಹಾಕಬೇಕು. 30 ಹಾಕಿದರೆ ಫ್ಯೂಸು ಉಳಿದು ವೈರು ಸುಡುತ್ತದೆ. ತಾಮ್ರದ ಎಳೆ ಸುತ್ತುವುದು ಅದಕ್ಕಿಂತ ಅಪಾಯ. ಆಲ್ಟರ್ನೇಟರಿನ ದಪ್ಪ ವೈರಿಗೆ ಬೇರೆ ದೊಡ್ಡ ಫ್ಯೂಸು ಇರುತ್ತದೆ. ಹಳೇ ಟ್ರ್ಯಾಕ್ಟರಿನಲ್ಲಿ ಅದು ಇಲ್ಲದೆಯೂ ಇರಬಹುದು. ಎಲೆಕ್ಟ್ರಿಷಿಯನ್ ಹತ್ತಿರ ಕೇಳಿ ಹಾಕಿಸಿ.

ನೋಡುವುದು ಹೇಗೆ? ಬೆಳಿಗ್ಗೆ, ಇಂಜಿನ್ ತಣ್ಣಗಿರುವಾಗ ನೋಡಿ. ಸಿಪ್ಪೆ ಹೊಳಪು ಕಳೆದು ಗಟ್ಟಿಯಾಗಿದೆಯೇ? ಬಿರುಕು ಇದೆಯೇ? ಇಲಿ ಕಡಿದಿದೆಯೇ? ಮೆದೆ ಹತ್ತಿರ ನಿಲ್ಲುವ ಗಾಡಿಗೆ ಇಲಿ ಕಾಟ ಜಾಸ್ತಿ. ವೈರಿನ ತುದಿಯಲ್ಲಿ ಹಸಿರು ಕಿಲುಬು ಕಂಡರೂ ಹೇಳಿ. ನಟ್ಟು ಸಡಿಲವಾದ ಕಡೆ, ಕಿಲುಬು ಹಿಡಿದ ಕಡೆ ವೈರು ಬಲು ಬೇಗ ಕಾಯುತ್ತದೆ. ಓಡಿಸುವಾಗ ಬ್ಯಾಟರಿ ಚಿತ್ರದ ಕೆಂಪು ದೀಪ ಹತ್ತಿಕೊಂಡರೆ ಬ್ಯಾಟರಿಗೆ ಕರೆಂಟು ಸರಿಯಾಗಿ ಹೋಗುತ್ತಿಲ್ಲ ಅಂತ ಅರ್ಥ. ಬೆಲ್ಟ್ ಹರಿದಿರಬಹುದು, ವೈರು ಕೆಟ್ಟಿರಬಹುದು. ವೈರನ್ನು ಯಾರೇ ಬಿಚ್ಚಲಿ, ಮೊದಲು ಬ್ಯಾಟರಿಯ ಮೈನಸ್ ತುದಿ ಕಳಚಲಿ. ಬ್ಯಾಟರಿ ಹತ್ತಿರ ಬೀಡಿ ಹಚ್ಚುವುದು ಬೇಡ. ಅದರಿಂದ ಹೊರಡುವ ಗಾಳಿ ಹತ್ತಿ ಉರಿಯುವಂಥದ್ದು.

ದಾರಿಯಲ್ಲಿ ಸುಟ್ಟ ಪ್ಲಾಸ್ಟಿಕ್ ವಾಸನೆ ಬಂತು, ಬಾನೆಟ್ ಸಂದಿನಿಂದ ಹೊಗೆ ಬಂತು ಅನ್ನಿ. ಗಾಡಿ ನಿಲ್ಲಿಸಿ ಕೀ ತೆಗೆಯಲು ಹೇಳಿ. ಮಕ್ಕಳನ್ನು ಮೊದಲು ಇಳಿಸಿ ದೂರ ಕರೆದುಕೊಂಡು ಹೋಗಿ. ಸಾಮಾನು ತೆಗೆಯಲು ವಾಪಸ್ ಹೋಗಬೇಡಿ. ಬಾನೆಟ್ ಎತ್ತಲು ಬಿಡಬೇಡಿ. ಎತ್ತಿದರೆ ಗಾಳಿ ನುಗ್ಗಿ ಉರಿ ಏಳುತ್ತದೆ. ಎಣ್ಣೆ ಉರಿಯುವಾಗ ನೀರು ಸುರಿಯಬಾರದು. ಉರಿ ಹೊರಗೆ ಹಬ್ಬುವುದಕ್ಕೆ ಮುಂಚೆ 112ಕ್ಕೆ ಫೋನ್ ಮಾಡಿ. ಊರಿನ ಹೆಸರು ಹೇಳಿ. ಹೆದ್ದಾರಿಯಲ್ಲಿದ್ದರೆ ಹತ್ತಿರದ ಕಿಲೋಮೀಟರ್ ಕಲ್ಲಿನ ಮೇಲಿನ ಊರು, ಅಂಕಿ ಓದಿ ಹೇಳಿ.