ಜೇನುಪೆಟ್ಟಿಗೆಯ ನಾಲ್ಕು ಕಾಲು

ಇರುವೆಗೆ ತೆಲುಗಿನಲ್ಲಿ ‘ಚೀಮ’, ಜೇನುನೊಣಕ್ಕೆ ‘ತೇನೆಟೀಗ’. ವಿಶಾಖಪಟ್ಟಣದಲ್ಲೋ ವಿಜಯವಾಡದಲ್ಲೋ ತಾರಸಿಯ ಮೇಲೆ ಜೇನುಪೆಟ್ಟಿಗೆ ಇಡುವ ಆಸೆಯಿರುವ ಕನ್ನಡಿಗರು ಈ ಎರಡು ಪದಗಳನ್ನು ಒಟ್ಟಿಗೇ ಕಲಿಯುವುದು ಒಳ್ಳೆಯದು. ಎರಡನೆಯದು ಇದ್ದಲ್ಲಿಗೆ ಮೊದಲನೆಯದು ಹುಡುಕಿಕೊಂಡು ಬರುತ್ತದೆ.

ಇಲ್ಲಿ ‘ಪುಟ್ಟ ತೇನೆ’ ಎಂದು ಮಾರುತ್ತಾರೆ. ಮೊದಲ ಸಲ ಕೇಳಿದವರು ಪುಟ್ಟ ಜೇನು ಎಂದುಕೊಳ್ಳುತ್ತೇವೆ. ತೆಲುಗಿನ ಪುಟ್ಟ ಎಂದರೆ ನಮ್ಮ ಹುತ್ತ. ಹಾಲು ಅವರಿಗೆ ಪಾಲು ಆದಂತೆಯೇ ಇದೂ. ಹುತ್ತದಲ್ಲಿ, ಮರದ ಪೊಟರೆಯಲ್ಲಿ ಗೂಡು ಕಟ್ಟುವ ಈ ಜೇನು ಬೇರೆ ಯಾವುದೂ ಅಲ್ಲ, ಶಿರಸಿ, ಪುತ್ತೂರು, ಕೊಡಗಿನ ತೋಟಗಳಲ್ಲಿ ಪೆಟ್ಟಿಗೆಯೊಳಗಿರುವ ತುಡುವೆಯೇ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರುವುದನ್ನು ಗಾದೆ ಮಾಡಿದವರು ಜೇನು ಸೇರುವುದನ್ನು ಯಾಕೋ ಬಿಟ್ಟರು.

ತುಡುವೆ ಸಾಧು ಜೀವಿ. ಬಾಗಿಲಲ್ಲಿ ಒಂದೆರಡು ಇರುವೆ ಕಂಡರೆ ಕಾವಲು ನೊಣಗಳು ರೆಕ್ಕೆ ಬೀಸಿ ದೂಡುತ್ತವೆ. ಸಾಲು ಸಾಲಾಗಿ ಬಂದು ತುಪ್ಪಕ್ಕೂ ಮರಿಗಳಿಗೂ ಕೈಹಾಕಿದರೆ ಬಹಳ ದಿನ ಹೋರಾಡುವುದಿಲ್ಲ. ಮೊಟ್ಟೆ, ಮರಿ, ಎರಿ ಎಲ್ಲ ಬಿಟ್ಟು ರಾಣಿಯೊಡನೆ ಹಾರಿ ಹೋಗುತ್ತದೆ. ಇರುವೆ ತಿಂದ ತುಪ್ಪದ ಲೆಕ್ಕ ಸಣ್ಣದು. ಹೋದ ಕುಟುಂಬ ಮಾತ್ರ ತಿರುಗಿ ಬರುವುದಿಲ್ಲ.

ಇರುವೆ ತಡೆಯುವ ಉಪಾಯವನ್ನು ಜೇನುಗಳೇ ಮೊದಲು ಕಂಡುಕೊಂಡಿವೆ. ಪೊದೆಯ ರೆಂಬೆಯಲ್ಲಿ ಒಂದೇ ಎರಿ ಕಟ್ಟುವ ಕೋಲುಜೇನು, ಗೂಡಿನ ಎರಡೂ ಬದಿಯ ರೆಂಬೆಗೆ ಗಿಡದ ಅಂಟು ತಂದು ಬಳೆಯಂತೆ ಬಳಿಯುತ್ತದೆ. ದಾಟಲು ಬಂದ ಇರುವೆಯ ಕಾಲು ಅಲ್ಲೇ ಅಂಟಿಕೊಳ್ಳುತ್ತದೆ. ಗೋಡೆ ಸಂದಿಯ ಮಿಸರೆ ಜೇನೂ ಬಾಗಿಲಿಗೆ ಅಂಟು ಮೆತ್ತುತ್ತದೆ. ತುಡುವೆಗೆ ಈ ಕಸುಬು ಗೊತ್ತಿಲ್ಲ, ಆದ್ದರಿಂದ ಅದರ ಪರವಾಗಿ ನಾವು ಮಾಡಬೇಕು.

ಊರಲ್ಲಿ ಮಾಡುವುದು ಇಷ್ಟೇ: ಸ್ಟ್ಯಾಂಡಿನ ನಾಲ್ಕು ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡುವುದು, ಅಥವಾ ಒಂದೇ ಕಂಬ ನೆಟ್ಟು ಅದರ ಸುತ್ತ ನೀರು ನಿಲ್ಲುವಂತೆ ಮಾಡುವುದು. ಮಲೆನಾಡಿನಲ್ಲಿ ಸುಲಭವಾದ ಈ ಕ್ರಮ ಆಂಧ್ರದ ಕರಾವಳಿಯಲ್ಲಿ ಬೇರೆ ಬೇರೆ ಕಡೆ ಎಡವುತ್ತದೆ. ಮೇ ತಿಂಗಳಲ್ಲಿ 45 ಡಿಗ್ರಿಯ ಹತ್ತಿರ ಸುಳಿದಾಡುವ ವಿಜಯವಾಡದಲ್ಲಿ ಬಟ್ಟಲು ಬೇಗ ಒಣಗುತ್ತದೆ. ಇರುವೆಗೆ ಅಷ್ಟು ಸಾಕು. ದಿನವೂ ತುಂಬುತ್ತೇನೆಂದರೆ ಇನ್ನೊಂದು ತೊಡಕು, ಸೊಳ್ಳೆ. ನಿಂತ ನೀರಿನಲ್ಲಿ ಎಂಟು ಹತ್ತು ದಿನದಲ್ಲಿ ಸೊಳ್ಳೆ ಮೊಟ್ಟೆಯಿಂದ ರೆಕ್ಕೆಯವರೆಗೆ ಬೆಳೆಯುತ್ತದೆ. ಹಾಗಾಗಿ ವಾರಕ್ಕೊಮ್ಮೆ ಬಟ್ಟಲು ಚೆಲ್ಲಿ, ಉಜ್ಜಿ, ಹೊಸ ನೀರು ಹಾಕಲೇಬೇಕು. ಬಾಯಾರಿದ ನೊಣಗಳು ಅದೇ ನೀರಿಗೆ ಬಿದ್ದು ಸಾಯುವುದೂ ಉಂಟು. ಅವಕ್ಕೆ ನೆರಳಿನಲ್ಲಿ, ಕಲ್ಲುಚೂರು ತುಂಬಿದ ಬೇರೆ ತಟ್ಟೆ ಇಡಿ.

ವಿಶಾಖಪಟ್ಟಣದಲ್ಲಿ ಶತ್ರು ಉಪ್ಪುಗಾಳಿ. ಕಬ್ಬಿಣದ ಕಾಲು ನೀರಿನ ಮಟ್ಟದಲ್ಲೇ ತುಕ್ಕು ಹಿಡಿಯುತ್ತದೆ. ಮರದ ಕಾಲಿಗೆ ಪ್ಲಾಸ್ಟಿಕ್ ಕೊಳವೆ ತೊಡಿಸಿ, ಅದರ ಮೇಲೆ ಬೋರಲು ಹಾಕಿದ ಬಟ್ಟಲಿನ ಒಳಮೈಗೆ ಗ್ರೀಸ್ ಬಳಿಯುವುದು ಇಲ್ಲಿಗೆ ಮೇಲು ಎಂದು ನನ್ನ ಅಭಿಪ್ರಾಯ. ಗ್ರೀಸ್ ಮೇಲೆ ಧೂಳು ಕೂತರೆ ಅದೂ ರಸ್ತೆಯೇ, ಒರೆಸಿ ಮತ್ತೆ ಬಳಿಯಬೇಕು. ಪೆಟ್ಟಿಗೆಯನ್ನು ಹಗ್ಗದಿಂದ ಬಿಗಿಯುವುದನ್ನು ಮರೆಯಬೇಡಿ. 2014ರ ಅಕ್ಟೋಬರ್ 12ರಂದು ಹುಡ್‌ಹುಡ್ ಅಪ್ಪಳಿಸಿದಾಗ ಈ ಊರಲ್ಲಿದ್ದವರಿಗೆ ಕಾರಣ ವಿವರಿಸಬೇಕಿಲ್ಲ. ಆದರೆ ಹಗ್ಗದ ತುದಿ ಗೋಡೆಗೆ ತಾಗಿದರೆ ಇರುವೆಗೆ ಸೇತುವೆ ಸಿದ್ಧ. ಹಗ್ಗಕ್ಕೂ ಗ್ರೀಸ್ ಬೇಕು. ಬಟ್ಟಲು ತುಂಬಿದ್ದೂ ಇರುವೆ ಬಂತು ಎನ್ನುವವರು ಮೊದಲು ನೋಡಬೇಕಾದ್ದು ಇಂಥದ್ದನ್ನು: ಬಾಗಿದ ದಾಸವಾಳದ ಟೊಂಗೆ, ಬಟ್ಟೆ ಒಣಹಾಕುವ ತಂತಿ, ಬಟ್ಟಲಲ್ಲಿ ಬಿದ್ದ ಒಂದು ಎಲೆ.

ಮಾವಿನ ಮರದಲ್ಲಿ ಎಲೆ ಹೊಲಿದು ಗೂಡು ಮಾಡುವ ಚಗಳಿ ಹತ್ತಿರದಲ್ಲಿದ್ದರೆ ಪೆಟ್ಟಿಗೆಯನ್ನೇ ದೂರ ಇಡಿ. ಗೂಡಿಗೆ ಬೆಂಕಿ ಹಚ್ಚುವುದು ದಂಡ. ಚಗಳಿ ಮರದ ಕೀಟಗಳನ್ನು ತಿನ್ನುತ್ತದೆ. ಮಲೆನಾಡಿನವರು ಅದನ್ನೇ ಚಟ್ನಿ ಮಾಡಿ ತಿನ್ನುತ್ತಾರೆ.

ಇರುವೆ ಪುಡಿ, ಸೀಮೆಸುಣ್ಣ, ಸ್ಪ್ರೇ ಇವನ್ನು ಪೆಟ್ಟಿಗೆಯ ಹತ್ತಿರ ತರಲೇಬೇಡಿ. ಇವುಗಳಲ್ಲಿ ಸಾಮಾನ್ಯವಾಗಿರುವ ಪೈರೆಥ್ರಾಯ್ಡ್ ವಿಷಕ್ಕೆ ಇರುವೆ ಯಾವುದು, ಜೇನು ಯಾವುದು ಎಂಬ ಭೇದವಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಕೀಟನಾಶಕ ಹೊಡೆಯುವ ದಿನವನ್ನು ಮೊದಲೇ ಕೇಳಿ ತಿಳಿದುಕೊಳ್ಳಿ.

ಇರುವೆ ಹೊರಗಿನ ಕಳ್ಳನಾದರೆ ಮೇಣದ ಪತಂಗ ಒಳಗೇ ಬೆಳೆಯುವುದು. ರಾತ್ರಿ ಒಳಹೊಕ್ಕು ಸಂದಿಯಲ್ಲಿ ಮೊಟ್ಟೆಯಿಟ್ಟರೆ, ಹುಳುಗಳು ಎರಿಯಲ್ಲಿ ಸುರಂಗ ಕೊರೆದು ರೇಷ್ಮೆಯಂಥ ಬಲೆ ಹಬ್ಬಿಸುತ್ತವೆ. ಅವಕ್ಕೆ ಹೊಸ ಬಿಳಿ ಮೇಣ ಅಷ್ಟು ರುಚಿಸದು. ಮರಿಗಳು ಬೆಳೆದು ಹೋದ ಹಳೆಯ ಕಪ್ಪು ಎರಿ ಬೇಕು. 1991–92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ದಕ್ಷಿಣ ಭಾರತಕ್ಕೆ ಬಂದು ಮರಿಗಳು ಚೀಲದಂತಾಗಿ ಸತ್ತಾಗ ಕರಾವಳಿ, ಮಲೆನಾಡು, ಕೊಡಗಿನ ತುಡುವೆ ಕುಟುಂಬಗಳು ಬಹುಪಾಲು ನಾಶವಾದವು. ರೋಗ ಬೇರೆ, ಪತಂಗ ಬೇರೆ. ಆದರೆ ಸೊರಗಿದ ಕುಟುಂಬವನ್ನು ಮುಗಿಸುವುದು ಹೆಚ್ಚಾಗಿ ಪತಂಗವೇ. ಎರಿಗಳ ತುಂಬ ನೊಣಗಳಿದ್ದರೆ ಅವೇ ಹುಳುಗಳನ್ನು ಎಳೆದು ಹೊರಹಾಕುತ್ತವೆ. ನೊಣ ಕೂರದ ಎರಿಯನ್ನು ತೆಗೆದುಬಿಡಿ, ಬಾಗಿಲನ್ನು ಕಿರಿದು ಮಾಡಿ, ತಳಹಲಗೆಯ ಕಸ ಗುಡಿಸಿ. ತೆಗೆದ ಒಳ್ಳೆಯ ಎರಿಯನ್ನು ಉಳಿಸಬೇಕೆಂದರೆ ಡಬ್ಬಿಯಲ್ಲಿ ಹಾಕಿ ಎರಡು ದಿನ ಫ್ರೀಜರಿನಲ್ಲಿಟ್ಟರೆ ಪತಂಗದ ಮೊಟ್ಟೆಯೂ ಸಾಯುತ್ತದೆ. ಮನೆಯವರ ಒಪ್ಪಿಗೆ ಪಡೆಯುವುದು ನಿಮಗೆ ಬಿಟ್ಟದ್ದು.

ಹಲ್ಲಿ, ಕಳ್ಳಿಪೀರ ಹಕ್ಕಿ ದಿನಕ್ಕೆ ಕೆಲವು ನೊಣ ತಿಂದರೂ ಬಲವಾದ ಕುಟುಂಬ ತಡೆದುಕೊಳ್ಳುತ್ತದೆ. ಕಣಜ ಹಾಗಲ್ಲ, ಬಾಗಿಲಲ್ಲೇ ಕಾದು ಒಂದೊಂದಾಗಿ ಹಿಡಿಯುತ್ತದೆ. ಅದಕ್ಕೆ ಬಾಗಿಲು ಕಿರಿದಾಗಿರಬೇಕು.

ಅರಕು ಕಣಿವೆಯಲ್ಲಿ ನವೆಂಬರ್, ಡಿಸೆಂಬರಿನಲ್ಲಿ ‘ವಲಿಸ’ ಹಳದಿಯಾಗಿ ಅರಳುತ್ತದೆ. ನಮ್ಮ ಹುಚ್ಚೆಳ್ಳೇ ಅದು, ಜೇನಿಗೆ ಅಚ್ಚುಮೆಚ್ಚು. ಪೆಟ್ಟಿಗೆಯನ್ನು ಅಲ್ಲಿಗೆ ಒಯ್ಯುವ ಯೋಚನೆಯಿದ್ದರೆ ಅಕ್ಟೋಬರಿನಲ್ಲೇ ಕಪ್ಪು ಎರಿ ತೆಗೆದಿರಬೇಕು. ಬಟ್ಟಲುಗಳನ್ನೂ ಜೊತೆಗೆ ಒಯ್ಯಿರಿ. ಅಲ್ಲಿಯ ಮರಗಳಲ್ಲೂ ಚಗಳಿ ಇದೆ.