ಮನೆಯ ನಡೆ, ಮಕ್ಕಳ ಮತ

ಮಕ್ಕಳಿಗೆ ದೇವರ ವಿಷಯವನ್ನು ಕಲಿಸುವವರು ಯಾರೆಂದು ಕೇಳಿದರೆ ಗುರುಗಳು, ಪುರಾಣಿಕರು ಎಂದು ಹೇಳುವುದುಂಟು. ಇವರೆಲ್ಲರಿಗಿಂತ ಮೊದಲು ಕಲಿಸುವವರು ತಾಯಿತಂದೆಗಳು. ಅವರು ಬಾಯಿಂದ ಕಲಿಸುವುದು ಸ್ವಲ್ಪ, ನಡೆಯಿಂದ ಕಲಿಸುವುದು ಬಹಳ. ಎಳೆಯ ಮಗುವಿಗೆ ಈ ಎರಡರ ಅಂತರವು ಕಾಣುವುದಿಲ್ಲ. ಹದಿಮೂರು ಹದಿನಾಲ್ಕು ತುಂಬಿದ ಮೇಲೆ ಕಾಣದೆ ಇರುವುದಿಲ್ಲ. ಕಾಠೇವಾಡದ ಎರಡು ಮನೆಗಳನ್ನು ನೋಡೋಣ.

1824ರಲ್ಲಿ ಟಂಕಾರಾ ಗ್ರಾಮದ ಶೈವ ಬ್ರಾಹ್ಮಣರ ಮನೆಯಲ್ಲಿ ಹುಟ್ಟಿದ ಬಾಲಕನೇ ಮುಂದೆ ದಯಾನಂದ ಸರಸ್ವತಿಯೆನಿಸಿದನು. 14ನೆಯ ವಯಸ್ಸಿನಲ್ಲಿ ತಂದೆ ಅವನಿಗೆ ಶಿವರಾತ್ರಿಯ ಉಪವಾಸ ಜಾಗರಣೆಗಳನ್ನು ವಿಧಿಸಿದರು. ನಿದ್ರಿಸಿದರೆ ವ್ರತಕ್ಕೆ ಫಲವಿಲ್ಲವೆಂದು ಅವನು ಕೇಳಿದ್ದನು. ರಾತ್ರಿ ಬೆಳೆದಂತೆ ಅರ್ಚಕರು ಮಲಗಿದರು, ತಂದೆಯೂ ನಿದ್ದೆಹೋದರು, ಬಾಲಕನು ಎಚ್ಚರವಾಗಿದ್ದನು. ಇಲಿಯು ಲಿಂಗದ ಮೇಲೆ ಹರಿದಾಡುತ್ತಿರುವುದನ್ನು ಕಂಡು, ಕಥೆಯಲ್ಲಿ ಕೇಳಿದ ಮಹಾದೇವನು ಇವನೇ ಏನು ಎಂದು ತಂದೆಯನ್ನೆಬ್ಬಿಸಿ ಕೇಳಿದನು. ದೊರೆತ ಸಮಾಧಾನವು ಅವನಿಗೆ ಸಾಲದಾಯಿತು. ಮನೆಗೆ ಹೋಗಿ ಉಂಡನು, ತಂದೆ ಕೋಪಗೊಂಡರು. 1846ರಲ್ಲಿ ಅವನು ಮನೆಯನ್ನೇ ತೊರೆದನು. ಸೋದರಿಯ ಮರಣ, ಮದುವೆಯ ಏರ್ಪಾಟು ಇವೂ ಅದಕ್ಕೆ ಕಾರಣಗಳಾಗಿದ್ದುವು. ಸಿದ್ಧಪುರದಲ್ಲಿ ತಂದೆ ಹುಡುಕಿ ಹಿಡಿದು ಕಾವಲಿಟ್ಟರೂ ತಪ್ಪಿಸಿಕೊಂಡನು.

ಇನ್ನೊಂದು ಮನೆ ಪೋರಬಂದರಿನ ವೈಷ್ಣವರದು. 1869ರಲ್ಲಿ ಅಲ್ಲಿ ಮೋಹನದಾಸ ಗಾಂಧಿ ಹುಟ್ಟಿದನು. ತಾಯಿ ಪುತಲೀಬಾಯಿ ಒಂದು ಚಾತುರ್ಮಾಸ್ಯದಲ್ಲಿ ಸೂರ್ಯನನ್ನು ಕಾಣದೆ ಉಣ್ಣುವುದಿಲ್ಲವೆಂದು ವ್ರತ ಹಿಡಿದರು. ಮೋಡ ಸರಿದೊಡನೆ ಮಕ್ಕಳು ಓಡಿಬಂದು ಕೂಗುವರು. ತಾಯಿ ಹೊರಗೆ ಬರುವಷ್ಟರಲ್ಲಿ ಸೂರ್ಯನು ಮರೆಯಾಗಿದ್ದರೆ, ದೇವರ ಚಿತ್ತವೆಂದು ನಗುಮುಖದಿಂದಲೇ ಕೆಲಸಕ್ಕೆ ಮರಳುವರು. ತಂದೆ ಕರಮಚಂದರ ಬಳಿಗೆ ಮುಸಲ್ಮಾನ, ಪಾರಸಿ ಸ್ನೇಹಿತರು ಬಂದು ತಮ್ಮ ಮತವನ್ನು ಕುರಿತು ಮಾತನಾಡುವಾಗ ಅವರು ಗೌರವದಿಂದ ಕೇಳುತ್ತಿದ್ದರು. ಅವರ ಶುಶ್ರೂಷೆಗೆ ನಿಂತ ಹುಡುಗನೂ ಕೇಳುತ್ತಿದ್ದನು. ಇಷ್ಟಾದರೂ ಅವನು ಗೆಳೆಯನ ಮಾತಿಗೆ ಮರುಳಾಗಿ ಗುಟ್ಟಾಗಿ ಮಾಂಸ ತಿಂದನು. ಒಮ್ಮೆ ನಾಸ್ತಿಕತೆಯ ಕಡೆಗೂ ವಾಲಿದನು. ಕೊನೆಗೆ ಅವನು ಮಾಂಸವನ್ನು ಬಿಟ್ಟುದು ತಾಯಿತಂದೆಗಳಿಗೆ ಸುಳ್ಳು ಹೇಳಲಾರದೆ.

ಅಮೆರಿಕದ ಮಾನವಶಾಸ್ತ್ರಜ್ಞರಾದ ಜೋಸೆಫ್ ಹೆನ್ರಿಕ್ ಎಂಬವರು 2009ರಲ್ಲಿ ಇದಕ್ಕೆ ಹೊಂದುವ ವಿವರಣೆಯೊಂದನ್ನು ಮುಂದಿಟ್ಟರು. ಹೇಳುವವನು ತನ್ನ ನಂಬಿಕೆಗಾಗಿ ತಾನೇ ಕಷ್ಟಪಡುವುದನ್ನು ಕಂಡರೆ ಕಲಿಯುವವನು ಅದನ್ನು ನಿಜವೆಂದು ಸ್ವೀಕರಿಸುತ್ತಾನೆ. ಬರಿಯ ಮಾತು ಸುಲಭವಾದುದರಿಂದ ಅದಕ್ಕೆ ಅಷ್ಟು ಬೆಲೆ ಕೊಡುವುದಿಲ್ಲ. ಪುತಲೀಬಾಯಿಯವರ ಹಸಿವು ಮಕ್ಕಳ ಕಣ್ಣಮುಂದೆ ಇತ್ತು. ಟಂಕಾರಾದ ಬಾಲಕನು ಕಂಡುದು ಹಿರಿಯರ ನಿದ್ರೆಯನ್ನು.

ಮಗನು ಬೇರೆ ದಾರಿ ಹಿಡಿದನೆಂಬುದನ್ನೇ ನಾವು ಸೋಲೆಂದು ಎಣಿಸಬೇಕಾಗಿಲ್ಲ. 1875ರಲ್ಲಿ ಆರ್ಯಸಮಾಜವನ್ನು ಸ್ಥಾಪಿಸಿದ ದಯಾನಂದರು ಬಾಳೆಲ್ಲ ವೇದಧರ್ಮಕ್ಕಾಗಿಯೇ ದುಡಿದರು. ಆದರೆ ಆ ತಂದೆಗೆ ಮಗನು ಮತ್ತೆ ದೊರೆಯಲಿಲ್ಲ. ಪ್ರಾಯಕ್ಕೆ ಬರುವ ಮಕ್ಕಳು ನಮ್ಮನ್ನೆಬ್ಬಿಸಿ ಪ್ರಶ್ನೆ ಕೇಳುವುದು ನಮ್ಮ ಮೇಲೆ ಇನ್ನೂ ನಂಬಿಕೆಯಿರುವುದರಿಂದ. ಉತ್ತರ ತಿಳಿಯದಿದ್ದಲ್ಲಿ ತಿಳಿಯದೆಂದು ಒಪ್ಪಿ, ಅವರೊಡನೆ ಕುಳಿತು ಯೋಚಿಸುವುದು ನಮ್ಮಿಂದ ಆಗತಕ್ಕ ಕೆಲಸವೇ ಆಗಿದೆ.