ಹೃದಯದ ಮಾತ್ರೆಯ ಜೊತೆ ಮಂಡಿನೋವಿನ ಮಾತ್ರೆ: ಎಚ್ಚರಿಕೆ ಅಗತ್ಯ

ಮಳೆಗಾಲದಲ್ಲಿ ತೋಟ ಸುತ್ತಿ ಬಂದವರಿಗೆ ಇಂಬಳದ ಕಡಿತ ಹೊಸದಲ್ಲ. ಇಂಬಳ ಬಿಟ್ಟುಹೋದ ಮೇಲೂ ಗಾಯದಿಂದ ರಕ್ತ ಬಹಳ ಹೊತ್ತು ಜಿನುಗುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು ಅದರ ಜೊಲ್ಲಿನಲ್ಲಿರುವುದೇ ಇದಕ್ಕೆ ಕಾರಣ. ಹೆಪ್ಪುಗಟ್ಟುವುದನ್ನು ತಡೆಯುವ ಮಾತ್ರೆಗಳನ್ನು ನಮ್ಮ ಸದಸ್ಯರ ಮನೆಗಳಲ್ಲಿ ಅನೇಕ ಹಿರಿಯರು ನಿತ್ಯ ಸೇವಿಸುತ್ತಿದ್ದಾರೆ.

ಇಂತಹ ಒಂದು ಮಾತ್ರೆ ಹುಟ್ಟಿದ್ದು ದನದ ಕೊಟ್ಟಿಗೆಯಿಂದ ಎಂಬುದು ಕುತೂಹಲದ ಸಂಗತಿ. 1920ರ ದಶಕದಲ್ಲಿ ಕೆನಡಾ ಮತ್ತು ಅಮೆರಿಕದ ಉತ್ತರ ಭಾಗದಲ್ಲಿ ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಮೇವು ತಿಂದ ದನಗಳು ರಕ್ತ ಸೋರಿ ಸಾಯತೊಡಗಿದವು. 1933ರಲ್ಲಿ ವಿಸ್ಕಾನ್ಸಿನ್‌ನ ರೈತನೊಬ್ಬ ಸತ್ತ ಕಡಸು ಮತ್ತು ಹೆಪ್ಪುಗಟ್ಟದ ರಕ್ತವನ್ನು ಅಲ್ಲಿನ ವಿಶ್ವವಿದ್ಯಾನಿಲಯಕ್ಕೆ ಹೊತ್ತು ತಂದ. ಕಾರ್ಲ್ ಲಿಂಕ್ ಎಂಬ ವಿಜ್ಞಾನಿಯ ತಂಡ ಆ ಮೇವಿನಲ್ಲಿದ್ದ ವಿಷವನ್ನು ಬೇರ್ಪಡಿಸಿತು. ಅದರ ಜಾಡಿನಲ್ಲಿ ಬಂದ ವಾರ್ಫರಿನ್ 1948ರಲ್ಲಿ ಇಲಿಪಾಷಾಣವಾಗಿಯೂ 1954ರಲ್ಲಿ ಮನುಷ್ಯರ ಔಷಧಿಯಾಗಿಯೂ ಬಳಕೆಗೆ ಬಂತು. ಇಂದು ಇಲಿಗಳಿಗೆ ಇಡುವ ಬ್ರೋಮಾಡಿಯೊಲೋನ್ ಕೂಡ ಇದೇ ಕುಲದ್ದು. ಅಳತೆಯಲ್ಲಿದ್ದರೆ ಔಷಧಿ, ಅಳತೆ ಮೀರಿದರೆ ವಿಷ.

ಹಳ್ಳಕ್ಕೆ ಕಟ್ಟ ಹಾಕುವಾಗ ಮೊದಲು ಕಲ್ಲು ಜೋಡಿಸಿ ಆಮೇಲೆ ಮಣ್ಣು ಮೆತ್ತುತ್ತೇವಷ್ಟೆ. ಗಾಯವಾದಾಗ ದೇಹವೂ ಹೀಗೆಯೇ ಮಾಡುತ್ತದೆ. ರಕ್ತದ ಪ್ಲೇಟ್‌ಲೆಟ್ ಕಣಗಳು ಕಲ್ಲಿನಂತೆ ಬಂದು ಕೂರುತ್ತವೆ. ಹೆಪ್ಪಿನ ನೂಲು ಮಣ್ಣಿನಂತೆ ಸಂದು ಮುಚ್ಚುತ್ತದೆ. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಮಾತ್ರೆಗಳು ಕಲ್ಲನ್ನು ಸಡಿಲಿಸುತ್ತವೆ. ವಾರ್ಫರಿನ್, ಅಪಿಕ್ಸಬಾನ್, ರಿವರಾಕ್ಸಬಾನ್ ಮಣ್ಣನ್ನು ಕಡಿಮೆ ಮಾಡುತ್ತವೆ. ನೋವಿಗೆ ನುಂಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮುಂತಾದವು ಕಲ್ಲನ್ನೂ ಸಡಿಲಿಸಿ, ಜಠರದ ಒಳಪದರವನ್ನೂ ಕೊರೆಯುತ್ತವೆ. ಇವೆಲ್ಲ ಕೂಡಿದರೆ ಕಟ್ಟ ನಿಲ್ಲುವುದೆಂತು?

ಅಪಾಯ ಬರುವುದು ಹೆಚ್ಚಾಗಿ ಹೀಗೆ: ಅಡಿಕೆ ಸುಲಿದು ಬೆನ್ನು ಹಿಡಿಯುತ್ತದೆ, ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುತ್ತೇವೆ, ಹೃದಯದ ಮಾತ್ರೆಯ ವಿಷಯ ಅಂಗಡಿಯವರಿಗೆ ಹೇಳುವುದೇ ಇಲ್ಲ. ಮೆಟ್ರೊನಿಡಜೋಲ್, ಫ್ಲುಕೊನಜೋಲ್‌ನಂತಹ ಕೆಲವು ಔಷಧಿಗಳೂ ವಾರ್ಫರಿನ್‌ನ ಬಲವನ್ನು ಹೆಚ್ಚಿಸುತ್ತವೆ.

ಮಲ ಡಾಂಬರಿನಂತೆ ಕಪ್ಪಾಗುವುದು, ಮೂತ್ರ ಕೆಂಪಾಗುವುದು, ವಸಡು ಅಥವಾ ಮೂಗಿನ ರಕ್ತ ನಿಲ್ಲದಿರುವುದು, ಕಾರಣವಿಲ್ಲದೆ ಮೈಮೇಲೆ ನೀಲಿಗಟ್ಟುವುದು ಅಪಾಯದ ಸೂಚನೆಗಳು. ಜಾರಿಬಿದ್ದು ತಲೆಗೆ ಪೆಟ್ಟಾದರೆ, ಹೊರಗೆ ಗಾಯ ಕಾಣದಿದ್ದರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಸದಸ್ಯ ಬಾಂಧವರು ಗಮನಿಸಬೇಕಾದ ಅಂಶಗಳು:

1. ಹೆದರಿ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಕೂಡದು. ನಿಲ್ಲಿಸಿದರೆ ಹೃದಯಾಘಾತ, ಲಕ್ವ ಸಂಭವಿಸಬಹುದು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರಿಗೆ ವೈದ್ಯರೇ ತಿಳಿದು ಎರಡು ಮಾತ್ರೆ ಕೊಟ್ಟಿರುತ್ತಾರೆ.

2. ನೋವಿಗೆ ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಕಡಿಮೆ ಅಪಾಯದ್ದು. ಆದರೆ ವಾರ್ಫರಿನ್ ಸೇವಿಸುವವರು ಅದನ್ನೂ ದಿನಗಟ್ಟಲೆ ನುಂಗುವ ಮೊದಲು ವೈದ್ಯರನ್ನು ಕೇಳತಕ್ಕದ್ದು.

3. ವಾರ್ಫರಿನ್ ಸೇವಿಸುವವರು ಐ.ಎನ್.ಆರ್. ರಕ್ತಪರೀಕ್ಷೆಯನ್ನು ತಪ್ಪಿಸಬಾರದು. ಬಹುಮಂದಿಗೆ ಅದು 2ರಿಂದ 3ರೊಳಗಿರಬೇಕು. ಸೊಪ್ಪು ಬಿಡಬೇಕಾಗಿಲ್ಲ, ಒಂದೇ ಪ್ರಮಾಣದಲ್ಲಿ ತಿಂದರೆ ಸಾಕು.

4. ಹಲ್ಲು ಕೀಳಿಸುವ ಮೊದಲು, ನಾಟಿ ಔಷಧಿ ಸೇವಿಸುವ ಮೊದಲು ವೈದ್ಯರಿಗೆ ತಿಳಿಸಬೇಕು.

ದಿನವೂ ನುಂಗುವ ಮಾತ್ರೆಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆಸಿ ಕಿಸೆಯಲ್ಲಿಟ್ಟುಕೊಳ್ಳಿ. ಔಷಧಿ ಅಂಗಡಿಯಲ್ಲಿ ಮೊದಲು ಆ ಚೀಟಿ ತೋರಿಸಿ, ಆಮೇಲೆ ಮಾತ್ರೆ ಕೇಳಿ.